ಗಟ್ಟಿ ಹಿಡ್ಕೋ

ವಿಸಿಲ್ ಊದಿದ್ದೇ ತಡ, ಒಂದನೇ ಕ್ಲಾಸಿನ ಮಕ್ಕಳೆಲ್ಲ ಬಿಟ್ಟ ಬಾಣದ ಹಾಗೆ ಓಡಿದರು. ಶರೊನಳ ಮಗಳು ಏವ್ರಿಲ್ ಮಾತ್ರ ಓಟದ ಗೆರೆಯ ಪಕ್ಕದ ಬಾವುಟದ ಕೋಲನ್ನು ಎರಡೂ ಕೈಯಿಂದ ಅವುಚಿ ಹಿಡಿದು ನಿಂತುಬಿಟ್ಟಳು. "ಓಡು ಮಾರಾಯ್ತಿ, ಎಂತ ನಿಂತದ್ದು?" ಎಂದು ಟೀಚರ್ ಕೂಗಿದರು. ಕುರ್ಚಿಗಳಲ್ಲಿ ಕೂತಿದ್ದ ತಂದೆತಾಯಂದಿರು ಗೊಳ್ಳೆಂದು ನಕ್ಕರು.

ಬಲ್ಮಠ ಸ್ಟಾಪಿನಲ್ಲಿ ಶರೊನ್ ಪೂರ್ತಿ ಇಳಿಯುವ ಮೊದಲೇ ಕಂಡಕ್ಟರ್ ವಿಸಿಲ್ ಊದಿ, ಹೊರಟ ಸಿಟಿ ಬಸ್ಸಿನಿಂದ ಅವಳು ಬಿದ್ದದ್ದು ಒಂದೇ ಸಲ. ಅದೂ ಮಗಳು ಹುಟ್ಟುವ ಮೊದಲು. ಬೇರೆಯವರಾದರೆ ನಾಲ್ಕು ದಿನದಲ್ಲಿ ಮರೆಯುತ್ತಿದ್ದರು. ಆಮೇಲೆ ಕೇಳಿದ ಅಷ್ಟೂ ವಿಸಿಲ್‌ಗಳಿಂದ ಏನೂ ಆಗಲಿಲ್ಲವೆಂಬುದು ಅವಳ ಮೈಗೆ ಮಾತ್ರ ತಿಳಿಯಲೇ ಇಲ್ಲ. ಕುಕ್ಕರ್ ಕೂಗಿದರೂ ಅಡುಗೆಕಟ್ಟೆಯನ್ನು ಹಿಡಿದುಕೊಳ್ಳುತ್ತಾಳೆ. ಬಸ್ಸು ಹತ್ತಿದರೆ ಮಗಳಿಗೆ ದಿನವೂ ಒಂದೇ ಪಾಠ: "ವಿಸಿಲ್ ಕೇಳಿದ್ರೆ ಗಟ್ಟಿ ಹಿಡ್ಕೋ. ಬಿಡ್ಬೇಡ."

ಏವ್ರಿಲ್ ಜನರ ನಡುವೆ ಅಮ್ಮನನ್ನು ಹುಡುಕಿದಳು. ಕಂಡ ಕೂಡಲೇ ಮುಖವರಳಿಸಿ, ಮೈದಾನಕ್ಕೆಲ್ಲ ಕೇಳುವಂತೆ ಹೇಳಿದಳು: "ಮಮ್ಮಾ, ನಾನು ಬಿಡ್ಲಿಲ್ಲ!"

ಎಲ್ಲರೂ ಶರೊನಳತ್ತ ತಿರುಗಿದರು. ಅವಳ ಕೈಗಳು ಆಗಲೂ ಮುಂದಿನ ಕುರ್ಚಿಯ ಬೆನ್ನನ್ನು ಬಿಟ್ಟಿರಲಿಲ್ಲ.