ಅಂಬಮ್ಮನ ಗಂಡನ ದಮ್ಮು

ಪಂಪಣ್ಣ ಉಸಿರು ಕಟ್ಟಿ ಐವತ್ತೆರಡರವರೆಗೆ ಎಣಿಸಿದ್ದ. ಐವತ್ತಮೂರಕ್ಕೆ ಅಂಬಮ್ಮ ಅವನ ಬೆನ್ನಿಗೆ ಒಂದು ಬಿಟ್ಟಳು. ರೊಟ್ಟಿ ತಟ್ಟುತ್ತಿದ್ದ ಕೈ. ಅಂಗಿಯ ಮೇಲೆ ಐದೂ ಬೆರಳು ಹಿಟ್ಟಿನಲ್ಲಿ ಮೂಡಿದವು.

"ಗಂಗಾಳದ ಮುಂದ ಕುಂತು ಕಣ್ಣು ತೇಲಸಾಕತ್ತೀರಲ್ರೀ. ಏನಾಗೈತಿ?"

"ಏನಿಲ್ಲ. ದಮ್..." ಎಂದವನು ನಾಲಿಗೆ ಕಚ್ಚಿಕೊಂಡ.

"ದಮ್ಮು?" ಅಂಬಮ್ಮನ ಕೈಯಲ್ಲಿನ ಹಿಟ್ಟು ಅಲ್ಲೇ ಉಳಿಯಿತು. "ಅಯ್ಯ ಶಿವನ, ಎಂದಿನಿಂದ?"

ದಮ್ ಎನ್ನುವುದು ಗೌಸ್‌ಸಾಬನ ಮಾತು. ವಳಕಮದಿನ್ನಿಯ ಬಾವಿಗಳಿಗೆ ಬಿದ್ದ ಕೊಡ, ಪಂಪಿನ ಫುಟ್‌ವಾಲ್ ಎಲ್ಲವನ್ನೂ ಮುಳುಗಿ ತೆಗೆಯುತ್ತಿದ್ದ ಆತನಿಗೆ ಉಸಿರೆಂದರೆ ದಮ್. ಅಂಬಮ್ಮನಿಗೆ ದಮ್ಮೆಂದರೆ ಒಂದೇ, ಅವಳ ಸೋದರಮಾವನ ಎದೆಯಲ್ಲಿ ಸಿಳ್ಳೆ ಹೊಡೆಯುತ್ತಿದ್ದ ರೋಗ. ಪಂಪಣ್ಣ ಅರೆಗಳಿಗೆ ಯೋಚಿಸಿದ. ನಿಜಕ್ಕಿಂತ ರೋಗವೇ ವಾಸಿ ಎನಿಸಿತು.

"ಎಂಟು ದಿನ ಆತು," ಎಂದ.

ನಿಜ ಇಷ್ಟು. ಕೊಂಡಿ ಮುರಿದಿದ್ದ ಅಂಬಮ್ಮನ ಬೆಳ್ಳಿ ಡಾಬನ್ನು ಅವನು ಮಸ್ಕಿಯ ಪತ್ತಾರನ ಹತ್ತಿರ ಸರಿ ಮಾಡಿಸಿ ತರುತ್ತಿದ್ದ. ಬಸ್ಸಿನಲ್ಲಿ ಕಳುವಾದೀತೆಂದು ಅಂಗಿಯೊಳಗೆ ತನ್ನ ಸೊಂಟಕ್ಕೇ ಕಟ್ಟಿಕೊಂಡಿದ್ದ. ಊರಿಗೆ ಬಂದಿಳಿದವನು ಸೆಕೆ ತಾಳದೆ ಅಂಗಿ ಕಳಚಿ, ಡಾಬು ಮರೆತು, ಹೊಲದ ಬಾವಿಗೆ ಜಿಗಿದ. ಅವನ ಸೊಂಟ ಹೆಂಡತಿಯದಕ್ಕಿಂತ ನಾಲ್ಕು ಬೆರಳು ಸಣ್ಣದು. ಅವನು ಮೇಲೆ ಬಂದ, ಡಾಬು ಬರಲಿಲ್ಲ. ಪತ್ತಾರ ಇನ್ನೂ ಕೊಟ್ಟಿಲ್ಲ ಎಂದು ಮನೆಯಲ್ಲಿ ಹೇಳಿದ. ಪಂಚಮಿಗೆ ಅವಳು ಅದನ್ನು ಕಟ್ಟಿಕೊಂಡೇ ಸಾಲಗುಂದದ ತವರಿಗೆ ಹೋಗಬೇಕು. ಈಗ ಉಳಿದದ್ದು ಹನ್ನೆರಡು ದಿನ. ಗೌಸ್‌ಸಾಬನ ಒಂದು ಕಿವಿ ಒಡೆದು ಎರಡು ವರ್ಷ, ಆತ ಮುಳುಗುವಂತಿಲ್ಲ. ಬೇರೆ ಯಾರಿಗೆ ಹೇಳಿದರೂ ಊರಿಗೇ ಹೇಳಿದಂತೆ. ತಾನೇ ಕಲಿಯಬೇಕಾಯಿತು.

"ಒಂದಾಳುದ್ದ ಮುಳುಗಿದ್ದು ಪೈಲಿ ಜಮಾತ್, ಒಂದನೇ ಕ್ಲಾಸು," ಎಂದಿದ್ದ ಗೌಸ್‌ಸಾಬ್. "ಅಷ್ಟು ಎಮ್ಮೀನೂ ಮುಳಗತೈತಿ. ಈ ಬಾವ್ಯಾಗ ಮೂರಾಳು ನೀರೈತಿ. ಅದು ದೂಸ್ರಿ ಜಮಾತ್. ಮೂಗು ಹಿಡದು ಕಿವಿಗೆ ಗಾಳಿ ಊದಿಕೋತ ಇಳೀಬೇಕು, ಇಲ್ಲಾಂದ್ರ ನನ್ನಂಗ ಕಿವುಡಾಗ್ತಿ. ಕೆಸರಾಗ ಕೈಯಾಡಸಾಕ ಒಂದು ನಿಮಿಷ ದಮ್ ಬೇಕು. ಒಬ್ಬನ ಮಾತ್ರ ಇಳೀಬ್ಯಾಡಲೇ."

ಮನೆಯಲ್ಲಿ ದಮ್ಮಿನ ಮಾತು ಬಂದ ದಿನದಿಂದಲೇ ಮೊಸರು ಬಂದ್, ತಣ್ಣೀರು ಬಂದ್. ಮೂರು ಹೊತ್ತು ಆಡುಸೋಗೆ ಸೊಪ್ಪಿನ ಕಷಾಯ, ಎದೆಗೆ ಕರ್ಪೂರದೆಣ್ಣೆ. ಉಸಿರು ಕಟ್ಟಿದ್ದು ಕಣ್ಣಿಗೆ ಬಿದ್ದಾಗಲೆಲ್ಲ ಕಷಾಯ ಒಂದು ಲೋಟ ಹೆಚ್ಚು. ಹಾಗಾಗಿ ಪಂಪಣ್ಣ ತಿಪ್ಪೆಯ ಪಕ್ಕ ನಿಂತು ಅಭ್ಯಾಸ ಮಾಡತೊಡಗಿದ. ಅಲ್ಲಿ ಉಸಿರು ಕಟ್ಟಿದವನನ್ನು ಯಾಕೆಂದು ಯಾರೂ ಕೇಳುವುದಿಲ್ಲ.

ಪಂಚಮಿ ಮೂರು ದಿನವಿದೆ ಎನ್ನುವಾಗ ಅಂಬಮ್ಮ ದಮ್ಮಿನ ಗುಳಿಗೆ ತರಲು ಸಿಂಧನೂರಿಗೆ ಹೊರಟಳು. ಇತ್ತ ಬಾವಿಯ ಕೊನೆಯ ಮೆಟ್ಟಿಲಲ್ಲಿ ಗೌಸ್‌ಸಾಬ್ ಎಚ್ಎಂಟಿ ಗಡಿಯಾರ ನೋಡುತ್ತಾ ಕುಳಿತ. ಅವನ ಕೈಯಲ್ಲಿದ್ದ ಹಗ್ಗದ ಇನ್ನೊಂದು ತುದಿ ಪಂಪಣ್ಣನ ಸೊಂಟದಲ್ಲಿತ್ತು. ಕೆಳಗಿನಿಂದ ಎರಡು ಸಲ ಜಗ್ಗಿದರೆ ಎಳೆಯಬೇಕು. ಪಂಪಣ್ಣ ಮೂಗು ಹಿಡಿದು ಮುಳುಗಿದ.

"ಕಾಕಾ, ಆ ಹಗ್ಗದ ತುದೀಗೆ ಏನೈತಿ?"

ಬಸ್ಸು ಬರದೆ ವಾಪಸಾದ ಅಂಬಮ್ಮ, ಹೊಲದಲ್ಲಿದ್ದ ಗಂಡನಿಗೆ ಕಷಾಯದ ಚೆಂಬು ಹಿಡಿದು ಬಂದಿದ್ದಳು. ಒಂದೇ ಕಿವಿ ಕೇಳುತ್ತಿದ್ದ ಗೌಸ್‌ಸಾಬ್ ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ.

"ನಿನ್ನ ಗಂಡ. ನಲವತ್ತೊಂದು."

"ದಮ್ಮಿನ ಮನಷ್ಯಾನ್ನ ನೀರಿಗೆ ಬಿಟ್ಟೀರೇನು?" ಚೆಂಬನ್ನು ಮೆಟ್ಟಿಲ ಮೇಲಿಟ್ಟು ಅವಳು ಹಗ್ಗ ಕಸಿದುಕೊಂಡಳು.

"ತಡಿಯಮ್ಮ, ಆಂವ ಇನ್ನಾ ಜಗ್ಗಿಲ್ಲ."

ಅವಳು ದಿನಕ್ಕೆ ಇಪ್ಪತ್ತು ಕೊಡ ನೀರು ಸೇದುವವಳು. ಕೆಳಗೆ ಪಂಪಣ್ಣನ ಬೆರಳಿಗೆ ಆಗಷ್ಟೇ ಡಾಬು ಸಿಕ್ಕಿತ್ತು. ಹಗ್ಗ ಬಿಗಿಯಿತು. ಎರಡೂ ಕೈಯಲ್ಲಿ ಹಗ್ಗ ಹಿಡಿಯಬೇಕಾಗಿ ಡಾಬನ್ನು ಹಲ್ಲಲ್ಲಿ ಕಚ್ಚಿಕೊಂಡ. ಹಾಗೇ ಮೇಲೆ ಬಂದ, ಬಾಯಿಂದ ಎರಡೂ ಕಡೆ ಕೆಸರು ಮೆತ್ತಿದ್ದೇನೋ ಜೋತಾಡುತ್ತಿತ್ತು.

"ಬಾಯಾಗ ಹಾವೈತಿ," ಎಂದು ಅಂಬಮ್ಮ ಒಂದು ಮೆಟ್ಟಿಲು ಹಿಂದೆ ಸರಿದಳು.

"ಹಾವಲ್ಲ, ಡಾಬು," ಎಂದ ಪಂಪಣ್ಣ.

ಹಾಗೆನ್ನಲು ಬಾಯಿ ತೆರೆಯಲೇಬೇಕಾಯಿತು. ಡಾಬು ಡುಬುಕ್ ಎಂದು ಮತ್ತೆ ಮೂರಾಳು ಕೆಳಗೆ ಹೋಯಿತು. ಗುಳ್ಳೆಗಳು ಎದ್ದು ಒಡೆಯುವವರೆಗೆ ಮೂವರೂ ನೀರನ್ನೇ ನೋಡಿದರು.

"ಐವತ್ತೆರಡು," ಎಂದ ಗೌಸ್‌ಸಾಬ್. "ಚಲೋ ದಮ್ ಐತಿ ನಿನ್ನ ಗಂಡಗ."

"ಎಲ್ಲೈತಿ ಕಾಕಾ? ದಮ್ಮಿದ್ದಿದ್ರ ಡಾಬು ಬಿದ್ದ ದಿನಾನ ಹೇಳ್ತಿದ್ರು."

ಎರಡನೇ ಸಲ ಇಳಿಯುವ ಮುಂಚೆ ಐದು ನಿಮಿಷ ಕೂರಲೇಬೇಕು ಎಂದ ಗೌಸ್‌ಸಾಬ್. ಅಂಬಮ್ಮ ಗಂಡನ ಎದುರೇ ಕುಳಿತು ಐದೂ ನಿಮಿಷ ಅವನನ್ನೇ ನೋಡಿದಳು. ನೀರಿನೊಳಗಿನ ಐವತ್ತೆರಡು ಸೆಕೆಂಡು ಇಷ್ಟು ಕಷ್ಟವಿರಲಿಲ್ಲ ಎನಿಸಿತು ಪಂಪಣ್ಣನಿಗೆ. ಆಮೇಲೆ ಅವಳೇ ಅವನ ಸೊಂಟದ ಹಗ್ಗಕ್ಕೆ ಇನ್ನೊಂದು ಗಂಟು ಬಿಗಿದಳು.

"ಇಳೀರಿ. ಬಾಯಿ ತೆರೀಬ್ಯಾಡ್ರಿ. ಈ ಸಲ ಎಣಿಕಿ ನಂದು."

ಪಂಪಣ್ಣ ಮುಳುಗಿದ. ಅಂಬಮ್ಮ "ಒಂದು" ಎಂದಳು. ಹಗ್ಗವನ್ನು ಎಡಗೈಗೆ ಸುತ್ತಿಕೊಂಡು, ಬಿಸಿಲಿಗಿದ್ದ ಕಷಾಯದ ಚೆಂಬನ್ನು ನೆರಳಿಗೆ ಸರಿಸಿ, ಅದರ ಮೇಲೆ ಎಲೆ ಮುಚ್ಚಿ, ಸೆರಗು ಸಿಕ್ಕಿಸಿಕೊಂಡು ಕುಳಿತ ಮೇಲೆ "ಎರಡು" ಎಂದಳು.