ಗೋಡೆಗೆ ಹಿಡಿಯುವಷ್ಟು ಕಿಟಕಿ

ಮನೆ ತಲೆಕೆಳಗಾಗಿ ನಿಂತಿತ್ತು. ಚಾವಣಿ ಕೆಳಗೆ, ಅದರ ಮೇಲೆ ಗೋಡೆ, ಗೋಡೆಯ ಮೇಲೆ ಹಸಿರು ಹುಲ್ಲು. ಸೂರ್ಯ ಕಂಪ್ಯೂಟರ್ ಪರದೆಯ ತಳದಲ್ಲೆಲ್ಲೋ ಬಿದ್ದುಕೊಂಡು ಹೊಳೆಯುತ್ತಿದ್ದ. ಇಪ್ಪತ್ತೆಂಟು ವರ್ಷ ಕಪ್ಪುಹಲಗೆಯ ಮೇಲೆ ಮನೆ ಬರೆದ ಡ್ರಾಯಿಂಗ್ ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಮನೆ ಹಾಗೇ ಇತ್ತು.

"ಸಾರ್, ಇಲ್ಲಿ ಸೊನ್ನೆ ಮೇಲಿನ ಮೂಲೆಯಲ್ಲಿರುತ್ತೆ," ಎಂದರು ಕಂಪ್ಯೂಟರ್ ಮೇಡಂ. ವಯಸ್ಸಿನಲ್ಲಿ ಅವರು ಮೇಷ್ಟ್ರ ಮಗಳಿಗಿಂತ ಚಿಕ್ಕವರು. "ನಂಬರ್ ಜಾಸ್ತಿ ಆದಷ್ಟೂ ಕೆಳಕ್ಕೆ ಹೋಗುತ್ತೆ."

"ಜಾಸ್ತಿ ಆದಷ್ಟೂ ಕೆಳಕ್ಕಾ? ಹಾಗಾದ್ರೆ ನನ್ನ ಸರ್ವಿಸ್ ಇದ್ದ ಹಾಗೇ ಅನ್ನಮ್ಮ."

ಶಾಲೆಯ ಕಾರ್ಯದರ್ಶಿಗಳಿಗೆ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಜ್ಞಾನೋದಯವಾಗಿತ್ತು. ಮಕ್ಕಳು ಕೈಯಲ್ಲಿ ಬಣ್ಣ ಮೆತ್ತಿಕೊಳ್ಳುವುದೆಲ್ಲ ಹಳೇ ಕಾಲದ್ದು, ಇನ್ನು ಮುಂದೆ ಚಿತ್ರವನ್ನು ಕಂಪ್ಯೂಟರೇ ಬರೆಯಬೇಕು. ಡ್ರಾಯಿಂಗ್ ಮೇಷ್ಟ್ರು ಹದಿನೈದು ದಿನದಲ್ಲಿ ಪ್ರೋಗ್ರಾಂ ಕಲಿತು ತೋರಿಸಿದರೆ ಕೆಲಸ ಉಳಿಯುತ್ತದೆ. ಇಲ್ಲವಾದರೆ ಬೀಳ್ಕೊಡುಗೆ. ಅದರ ಭಾಷಣ ಆಗಲೇ ಟೈಪಾಗಿ ಕೂತಿದೆ ಎಂದು ಕಚೇರಿಯ ಗುಮಾಸ್ತರು ಕಿವಿಯಲ್ಲಿ ಊದಿದ್ದರು. ಮನೆಯಲ್ಲಿ ಹೆಂಡತಿ, "ಇಷ್ಟು ವರ್ಷ ಸಾವಿರ ಮನೆ ಬರೆದ್ರಿ, ಒಂದೂ ಕಟ್ಟಲಿಲ್ಲ. ಇದನ್ನಾದ್ರೂ ನೆಟ್ಟಗೆ ನಿಲ್ಲಿಸಿ," ಎಂದು ಧೈರ್ಯ ತುಂಬಿದ್ದರು.

ಮೇಷ್ಟ್ರು ಪಟ್ಟುಬಿಡದೆ ಕಲಿತರು. ನಾಲ್ಕನೆಯ ದಿನ ಮನೆ ಎದ್ದು ನಿಂತಿತು. ಏಳನೆಯ ದಿನ ಸೂರ್ಯ ಆಕಾಶಕ್ಕೇರಿದ. ಹತ್ತನೆಯ ದಿನ ಮೇಡಂ ಹೊಸ ಪಾಠ ತೆಗೆದರು.

"ಈಗ ಇದು ಎದುರಿಗೆ ಕೂತವರನ್ನ ಏನಾದ್ರೂ ಕೇಳಬೇಕು ಸಾರ್. ಕೇಳಿ, ಅವರು ಉತ್ತರ ಕೊಡೋವರೆಗೂ ಕಾಯಬೇಕು."

"ಕಾಯುತ್ತಾ? ಈ ಶಾಲೆಯಲ್ಲಿ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯೋದು ಇದೊಂದೇ ಇರಬೇಕು."

'ಎಷ್ಟು ಕಿಟಕಿ ಬೇಕು?' ಎಂಬ ಪ್ರಶ್ನೆಯನ್ನು ಮೇಷ್ಟ್ರು ಬರೆದರು. ಆಮೇಲೆ, ಯಾರೂ ಹೇಳದೆಯೇ, ಇನ್ನೊಂದು ಸಾಲು ಸೇರಿಸಿದರು. ಆರಕ್ಕಿಂತ ಹೆಚ್ಚು ಕೇಳಿದರೆ ಕಂಪ್ಯೂಟರ್ ಒಪ್ಪಬಾರದು.

"ಇದು ಪಾಠದಲ್ಲಿ ಇಲ್ವಲ್ಲ ಸಾರ್!"

"ಪಾಠದಲ್ಲಿ ಇಲ್ಲ. ಗೋಡೆ ಇರೋದೇ ಅಷ್ಟಗಲ ಅಲ್ವೇನಮ್ಮ?"

ಮೇಡಂ ಕಣ್ಣರಳಿಸಿದರು. ಪರದೆಯ ಮೇಲಿನ ಆ ಪೆದ್ದು ಮನೆ ತನ್ನದು ಎಂದು ಮೇಷ್ಟ್ರಿಗೆ ಅನ್ನಿಸಿದ್ದು ಅದೇ ಮೊದಲು.

ಪರೀಕ್ಷೆಯ ದಿನ ಕಾರ್ಯದರ್ಶಿಗಳು ಬಂದರು. ಕುರ್ಚಿಯ ತುಂಬ ಕೂತು, ಕೀಬೋರ್ಡನ್ನು ಎಳೆದುಕೊಂಡು, ಒಂದೇ ಬೆರಳಿನಲ್ಲಿ 'ಬೇಕಾದಷ್ಟು' ಎಂದು ಕುಟ್ಟಿದರು. ಪರದೆಯ ಮೇಲೆ ಕೆಂಪು ಸಾಲೊಂದು ಮೂಡಿ ಎಲ್ಲವೂ ನಿಂತುಹೋಯಿತು.

"ಏನ್ರೀ ಮೇಷ್ಟ್ರೇ, ಇದಕ್ಕೆ ಕನ್ನಡ ಬರಲ್ವಾ?"

"ಅಂಕಿ ಮಾತ್ರ ಬರೀಬೇಕು ಸಾರ್."

"ಅದನ್ನ ಮೊದಲೇ ಹೇಳೋದಲ್ವಾ! ನಮ್ಮದೇನು ಗುಡಿಸಲಾ? ಇನ್ನೂರು ಇರಲಿ."

ಮೇಷ್ಟ್ರು ಪ್ರೋಗ್ರಾಂ ಮತ್ತೆ ಶುರುಮಾಡಿ ಕೊಟ್ಟರು. ಕಾರ್ಯದರ್ಶಿಗಳು 200 ಎಂದು ಒತ್ತಿದರು. ಪರದೆ ವಿನಯದಿಂದ ಉತ್ತರಿಸಿತು: 'ಈ ಗೋಡೆಗೆ ಆರು ಕಿಟಕಿ ಮಾತ್ರ ಹಿಡಿಯುತ್ತದೆ. ದಯವಿಟ್ಟು ಮತ್ತೆ ಯೋಚಿಸಿ.'

ಕಾರ್ಯದರ್ಶಿಗಳು ಅದನ್ನು ಎರಡು ಸಲ ಓದಿದರು. ಮೇಡಂ ತಲೆಯೆತ್ತಿ ಫ್ಯಾನು ನೋಡತೊಡಗಿದರು.

"ಯೋಚಿಸಿ ಅಂತ ಯಾರಿಗೆ ಹೇಳ್ತಿದೆ ಇದು? ಕಂಪ್ಯೂಟರ್ ತರಿಸಿದ್ದು ಹೇಳಿದ್ದು ಕೇಳಲಿ ಅಂತ. ಬುದ್ಧಿ ಹೇಳೋಕೆ ಮೇಷ್ಟ್ರುಗಳು ನೀವು ಇಷ್ಟು ಜನ ಇದ್ದೀರಲ್ಲ, ಸಾಲದಾ? ಆ ಸಾಲು ತೆಗೀರಿ."

"ತೆಗೆದ್ರೆ ಕಿಟಕಿ ಗೋಡೆ ದಾಟಿ ಹೋಗುತ್ತೆ ಸಾರ್."

"ಹೋಗಲಿ ಬಿಡ್ರಿ. ಅಳಿಸೋಕೆ ಬರುತ್ತೋ, ಇಲ್ಲ ಅದನ್ನೂ ಮೇಡಂ ಹೇಳಿಕೊಡಬೇಕೋ?"

ಮಕ್ಕಳು ಎಳೆದ ತಪ್ಪು ಗೆರೆಗಳನ್ನು ಮೇಷ್ಟ್ರು ಲೆಕ್ಕವಿಲ್ಲದಷ್ಟು ಸಲ ಅಳಿಸಿದ್ದರು. ಸರಿಯಾದದ್ದನ್ನು ಅಳಿಸುವ ಪ್ರಸಂಗ ಬಂದಿರಲಿಲ್ಲ. ಒಂದು ಗಳಿಗೆ ಬೆರಳು ಗಾಳಿಯಲ್ಲೇ ನಿಂತಿತು. ಆಮೇಲೆ ಕೀಲಿಯ ಮೇಲೆ ಇಳಿಯಿತು. ಅಕ್ಷರಗಳು ಕೊನೆಯಿಂದ ಒಂದೊಂದಾಗಿ ಮಾಯವಾದವು.

ಈ ಸಲ ಕಂಪ್ಯೂಟರ್ ತುಟಿಪಿಟಕ್ಕೆನ್ನಲಿಲ್ಲ. ಕಿಟಕಿಗಳು ಗೋಡೆ ತುಂಬಿದವು, ಚಾವಣಿ ಹತ್ತಿದವು, ಆಕಾಶಕ್ಕೆ ನುಗ್ಗಿ ಸೂರ್ಯನನ್ನು ನುಂಗಿ, ಪರದೆಯ ಅಂಚು ದಾಟಿ ಎಲ್ಲಿಗೋ ಹೊರಟುಹೋದವು. ಕಾರ್ಯದರ್ಶಿಗಳು ಚಪ್ಪಾಳೆ ತಟ್ಟಿದರು.

"ಇದಪ್ಪಾ ಚಿತ್ರ ಅಂದ್ರೆ! ಪಾಸಾದ್ರಿ ಮೇಷ್ಟ್ರೇ. ಇದನ್ನ ದೊಡ್ಡದಾಗಿ ಪ್ರಿಂಟ್ ತೆಗೆಸಿ, ಕಟ್ಟು ಹಾಕಿಸಿ."

ಸೋಮವಾರ ಚಿತ್ರ ಶಾಲೆಯ ಹಜಾರದ ಗೋಡೆಗೆ ಏರಿತು. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಅದರ ಮುಂದೆ ನಿಂತು, ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ನೋಡಿದಳು. ಆ ದಾರಿಯಲ್ಲಿ ಬಂದ ಮೇಷ್ಟ್ರನ್ನು ತಡೆದಳು.

"ಸಾರ್, ಇದರ ಬಾಗಿಲೆಲ್ಲಿ?"

"ಇತ್ತು ಮರಿ. ಕಿಟಕಿಗಳ ಅಡಿಯಲ್ಲಿ ಎಲ್ಲೋ ಮುಚ್ಚಿಹೋಗಿದೆ."

"ಹಾಗಾದ್ರೆ ಒಳಗಿರೋರು ಹೊರಗೆ ಹೇಗೆ ಬರ್ತಾರೆ?"

"ಬರೋ ಹಾಗಿಲ್ಲ," ಎಂದರು ಮೇಷ್ಟ್ರು. "ನೋಡ್ತಾ ಇರಬಹುದು. ಕಿಟಕಿಗೇನೂ ಕಮ್ಮಿ ಇಲ್ಲವಲ್ಲ."