ಗಟ್ಟಿಮುಟ್ಟಾದವರ ವಿಮೆ

ನಿವೃತ್ತಿಗೆ ಇನ್ನೊಂದು ತಿಂಗಳಿರುವಾಗ ತಿಪ್ಪೇರುದ್ರಪ್ಪನವರ ಮುಂದೆ ಎರಡು ಆರೋಗ್ಯ ವಿಮೆಗಳಿದ್ದವು. ಒಂದು ಯಾರಿಗೆ ಬೇಕಾದರೂ ಸಿಗುವಂಥದ್ದು, ಪ್ರೀಮಿಯಂ ಮಾತ್ರ ಕೈ ಸುಡುತ್ತಿತ್ತು. ಇನ್ನೊಂದು ಗಟ್ಟಿಮುಟ್ಟಾದವರಿಗಷ್ಟೇ, ಪ್ರೀಮಿಯಂ ಅರ್ಧಕ್ಕರ್ಧ.

"ಯೋಚ್ನೆ ಏನು ಬಂತು, ಎರಡನೇದೇ ಬರ್ಕೊಳ್ಳಿ," ಎಂದು ಅವರು ಏಜೆಂಟರೆದುರು ಎದೆಯುಬ್ಬಿಸಿದರು. "ಮೂವತ್ತೈದು ವರ್ಷದ ಸರ್ವೀಸಲ್ಲಿ ಒಂದು ನೆಗಡಿಗೂ ಮಲಗಿದೋನಲ್ಲ ನಾನು."

"ಹಂಗಾದ್ರೆ ಸಲೀಸಾಯ್ತು ಸಾರ್. ನೀವು ಇದುವರೆಗೂ ಹಾಕಿರೋ ರಜೆಗಳ ಪಟ್ಟಿ ಆಫೀಸಿಂದ ತಂದ್ಕೊಡಿ, ಸಾಕು."

ಮರುದಿನವೇ ತಿಪ್ಪೇರುದ್ರಪ್ಪನವರು ಕಚೇರಿಯ ಲಕೋಟೆಯನ್ನು ಒಡೆದೂ ನೋಡದೆ ತಂದು ಏಜೆಂಟರ ಕೈಗಿಟ್ಟರು. ಓದುತ್ತಾ ಹೋದಂತೆ ಏಜೆಂಟರ ಹುಬ್ಬು ಮೇಲೇರಿತು.

"ಕಾಮಾಲೆ ಐದು ಸಲ, ಟೈಫಾಯ್ಡ್ ನಾಲ್ಕು ಸಲ, ಸೊಂಟ ಹಿಡ್ಕೊಂಡು ಹದಿನೈದು ದಿನ... ಎಲ್ಲದಕ್ಕೂ ಡಾಕ್ಟರ್ ಸರ್ಟಿಫಿಕೇಟ್ ಬೇರೆ! ಏನ್ ಸಾರ್ ಇದು?"

ತಿಪ್ಪೇರುದ್ರಪ್ಪನವರು ಪಟ್ಟಿಯನ್ನು ಇಸಿದುಕೊಂಡು ಹಿಂದೆ ಮುಂದೆ ತಿರುಗಿಸತೊಡಗಿದರು. ಕಾಫಿ ತಂದ ಹೆಂಡತಿಗೆ ನಗು ತಡೆಯಲಾಗಲಿಲ್ಲ.

"ಯಾಕ್ರೀ ಒದ್ದಾಡ್ತೀರಾ? ಟೈಫಾಯ್ಡ್ ಬಂದಾಗ ನೀವು ಕುಣಿದಿದ್ದು ನನ್ನ ತಮ್ಮನ ಮದುವೆ ಆಲ್ಬಮ್‌ನಲ್ಲಿದೆ, ತಂದು ತೋರಿಸ್ಲಾ?"